18 ಗಾಡಿ ಕಟ್ಟಿಕೊಂಡು ಕಲಬುರಗಿಯಿಂದ ಬೀದರಕ್ಕೆ: ಲೀಡ್ ಮಾಡುವವರಿಗೆ ಗೊತ್ತಿರಬೇಕಾದದ್ದು

ಪ್ರಶ್ನೆ: ನಾವು ಕಲಬುರಗಿಯ ಗೆಳೆಯರು ಡಿಸೆಂಬರ್ ಕೊನೆಯ ಭಾನುವಾರ ಬೈಕ್ ಮ್ಯಾಲ ಬೀದರ್ ಕೋಟೆಗೆ ಹೋಗಿ ಅವತ್ತೇ ವಾಪಸ್ ಬರಬೇಕಂತ ಮಾಡೀವ್ರಿ. ಒಟ್ಟು 18 ಗಾಡಿ. 6 ಬುಲೆಟ್, 2 ಸ್ಕೂಟರ್, ಉಳಿದವು ಪಲ್ಸರ್, ಸ್ಪ್ಲೆಂಡರ್. 7 ಗಾಡಿ ಮ್ಯಾಲ ಹಿಂದ ಕೂಡೋರೂ ಇದ್ದಾರ. ಹೋದ ವರ್ಷ 11 ಗಾಡಿ ಹೋಗಿದ್ವು. ಹುಮನಾಬಾದಿನಾಗ ಮೂರು ಗಾಡಿ ದಾರಿ ತಪ್ಪಿ ಹೈದರಾಬಾದ್ ಕಡೆ ಹೋಗಿಬಿಟ್ವು. ಹಿಂದ ಉಳಿದಿದ್ದ ಸ್ಪ್ಲೆಂಡರ್ ಹುಡುಗ ಮುಂದಿನವರನ್ನ ಹಿಡೀಲಿಕ್ಕೆ ಹೋಗಿ ಕಬ್ಬಿನ ಟ್ರ್ಯಾಕ್ಟರಿಗೆ ಬಡಿಯೋದು ಸ್ವಲ್ಪದರಾಗ ತಪ್ಪಿತು. ಈ ಸಲ ನೀನೇ ಲೀಡ್ ಮಾಡು ಅಂತ ನನಗ ಗಂಟು ಹಾಕ್ಯಾರ. ಎಲ್ಲಾರನ್ನೂ ಕೂಡಿಸಿಕೊಂಡು ಹ್ಯಾಂಗ ಹೋಗಬೇಕ್ರಿ?

ಉತ್ತರ: ನೀವು ಹೇಳಿದ ಎರಡೂ ಘಟನೆಗಳ ಬೇರು ಒಂದೇ. ಮುಂದಿದ್ದವರು ತಮ್ಮ ಗಾಡಿಗೆ ಹಿತವಾದ ವೇಗದಲ್ಲಿ ಹೋದರು. ಹಿಂದಿದ್ದವರು ನಡುವೆ ಬಿದ್ದ ಅಂತರ ತುಂಬಲು ಓಡಿದರು. ತುಂಬಲಾಗದವರು ದಾರಿ ತಪ್ಪಿದರು, ತುಂಬಲೇಬೇಕೆಂದು ಹಟ ಹಿಡಿದವನು ಟ್ರ್ಯಾಕ್ಟರಿನ ಹತ್ತಿರ ಹೋಗಿ ಬಚಾವಾದ. ಲೀಡ್ ಮಾಡುವುದೆಂದರೆ ಮುಂದೆ ಹೋಗುವುದಲ್ಲ, ಕೊನೆಯ ಗಾಡಿಯ ವೇಗದಲ್ಲಿ ಮುಂದಿನಿಂದ ಓಡಿಸುವುದು. ಕೆಳಗೆ ಹೇಳುವುದೆಲ್ಲ ಅದನ್ನು ರಸ್ತೆಯ ಮೇಲೆ ಮಾಡಿ ತೋರಿಸುವ ಏರ್ಪಾಡು.

18 ಗಾಡಿ ಒಂದು ಗುಂಪಲ್ಲ

ಮೊದಲು ಒಂದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಒಬ್ಬರ ಹಿಂದೆ ಒಬ್ಬರು 2 ಸೆಕೆಂಡ್ ಬಿಟ್ಟು ಹೋದರೆ ನಡುವಿನ ಅಂತರ 33 ಮೀಟರ್. 18 ಗಾಡಿಯ ಸಾಲು ಹೀಗೆ ಸುಮಾರು 570 ಮೀಟರ್ ಉದ್ದವಾಗುತ್ತದೆ. ಹಿಂದಿನಿಂದ 80ರಲ್ಲಿ ಬಂದ ಕಾರು ಇಷ್ಟು ಉದ್ದದ ಸಾಲನ್ನು ಪೂರ್ತಿ ದಾಟಲು 100 ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲಿ ಅದು ಎದುರಿನವರ ಲೇನಿನಲ್ಲಿ ಎರಡೂಕಾಲು ಕಿ.ಮೀ. ಓಡಿರುತ್ತದೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅಷ್ಟು ದೂರ ಖಾಲಿ ಸಿಗುವುದಿಲ್ಲ. ಎದುರಿಗೆ ಲಾರಿ ಕಂಡ ಕೂಡಲೇ ಕಾರಿನವನು ನಿಮ್ಮ ಸಾಲಿನ ನಡುವೆ ತೂರುತ್ತಾನೆ. ತಪ್ಪು ಅವನದೇ ಇರಬಹುದು, ಹೊಡೆತ ಮಾತ್ರ ನಿಮ್ಮ ಹುಡುಗನಿಗೆ.

ಅದೇ 6 ಗಾಡಿಯ ಸಾಲು ಸುಮಾರು 165 ಮೀಟರ್. ಕಾರು ಅದನ್ನು 30 ಸೆಕೆಂಡಿನಲ್ಲಿ, 670 ಮೀಟರಿನೊಳಗೆ ದಾಟುತ್ತದೆ. ಸುಲಭವಲ್ಲ, ಆದರೆ ಸಾಧ್ಯ. ಆದ್ದರಿಂದ 18ನ್ನು 6ರ ಮೂರು ಗುಂಪು ಮಾಡಿ. ಪ್ರತಿ ಗುಂಪಿಗೂ ಅದರದೇ ಲೀಡ್, ಅದರದೇ ಸ್ವೀಪ್. ಸ್ವೀಪ್ ಎಂದರೆ ಗುಂಪಿನ ಕೊನೆಯ ಗಾಡಿ, ಏನೇ ಆದರೂ ಯಾರನ್ನೂ ಹಿಂದೆ ಬಿಟ್ಟು ಮುಂದೆ ಬಾರದವನು. ಗುಂಪು ಗುಂಪಿನ ನಡುವೆ 5 ನಿಮಿಷ ಬಿಟ್ಟು ಹೊರಡಿ.

ಗುಂಪು ಒಡೆಯುವಾಗ ಗೆಳೆತನ ನೋಡಬೇಡಿ, ಇಂಜಿನ್ ನೋಡಿ. ಸ್ಕೂಟರ್, ಸ್ಪ್ಲೆಂಡರ್ ಮೊದಲ ಗುಂಪಿನಲ್ಲಿ, 50ರಿಂದ 55ರ ವೇಗದಲ್ಲಿ. ಪಲ್ಸರ್‌ಗಳು ನಡುವೆ, 60ರಲ್ಲಿ. ಬುಲೆಟ್‌ಗಳು ಕೊನೆಗೆ. ಬುಲೆಟ್ ಇರುವವರಿಗೆ ಇದು ಸ್ವಲ್ಪ ಕಹಿ ಎನಿಸುತ್ತದೆ, ಮೆರವಣಿಗೆಯ ಮುಂದೆ ದುಡುದುಡು ಎನ್ನಬೇಕೆಂದು ಬಂದಿರುತ್ತಾರೆ. ಆದರೆ ಭಾರದ ಸಾಮಾನು, ಪಂಪು, ಪಾನಾ ಹೊತ್ತ ಗಾಡಿ ಹಿಂದಿದ್ದರೆ ಮುಂದೆ ಯಾರ ಗಾಡಿ ಕೆಟ್ಟರೂ ಸಹಾಯ ತಾನಾಗಿಯೇ ಬಂದು ತಲುಪುತ್ತದೆ. ಮುಂದಿದ್ದರೆ ಅವರು ಯೂ-ಟರ್ನ್ ಹೊಡೆದು ವಾಪಸ್ ಬರಬೇಕು. ಕಮಲಾಪುರ ಸುಮಾರು 35 ಕಿ.ಮೀ. 55ರಲ್ಲಿ ಹೊರಟವರಿಗೆ 38 ನಿಮಿಷ, 60ರಲ್ಲಿ ಹೊರಟವರಿಗೆ 35 ನಿಮಿಷ. ನಡುವೆ 5 ನಿಮಿಷ ಬಿಟ್ಟಿದ್ದರೆ ಹಿಂದಿನ ಗುಂಪು ಮುಂದಿನದರ ಮೇಲೆ ಬೀಳುವುದಿಲ್ಲ.

ನೀವು ಒಟ್ಟು ಸವಾರಿಯ ಮುಂದಾಳು, ಹಾಗಾಗಿ ಮೊದಲ ಗುಂಪಿನ ಲೀಡ್ ನೀವೇ ಆಗಿ. ಆದರೆ ಬುಲೆಟ್ ಮೇಲೆ ಬೇಡ. 350 ಸಿಸಿ ಗಾಡಿಯ ಮೇಲೆ ಕುಳಿತವನಿಗೆ ಇಬ್ಬರನ್ನು ಹೊತ್ತ 100 ಸಿಸಿ ಗಾಡಿ ಏರಿನಲ್ಲಿ ಎಷ್ಟು ಏದುಸಿರು ಬಿಡುತ್ತದೆ ಎಂಬುದು ತಿಳಿಯುವುದಿಲ್ಲ. ಆ ದಿನ ಯಾರದಾದರೂ ಸ್ಪ್ಲೆಂಡರ್ ಬದಲಿ ಪಡೆಯಿರಿ.

ಸ್ವೀಪ್ ಯಾರು? ಸಾಮಾನ್ಯವಾಗಿ ಚೆನ್ನಾಗಿ ಓಡಿಸುವವನನ್ನು ಮುಂದೆ ಹಾಕಿ, ಮಿಕ್ಕವರಲ್ಲಿ ಯಾರೋ ಒಬ್ಬನನ್ನು ಹಿಂದೆ ಬಿಡುತ್ತಾರೆ. ಇದು ತಲೆಕೆಳಗು. ಗುಂಪಿನ ಅತಿ ಅನುಭವಿ, ತಾಳ್ಮೆಯವನು ಸ್ವೀಪ್ ಆಗಬೇಕು. ಗಾಡಿ ಕೆಟ್ಟಾಗ, ಯಾರಾದರೂ ಬಿದ್ದಾಗ ಮೊದಲು ಅಲ್ಲಿರುವವನು ಅವನೇ. ದಾರಿ ತೋರಿಸಲು ಮೊಬೈಲ್ ಇದೆ.

ಸಾಲು, ಅಂತರ, ಕನ್ನಡಿ

ಗುಂಪಿನೊಳಗೆ ಲೀಡ್‌ನ ಬೆನ್ನಿಗೆ ಎರಡನೆಯ ಗಾಡಿಯಾಗಿ ಅತಿ ಹೊಸಬನನ್ನು ಅಥವಾ ಅತಿ ಸಣ್ಣ ಗಾಡಿಯನ್ನು ಹಾಕಿ. ಆಗ ಅವನ ಹೆಡ್‌ಲೈಟ್ ಸದಾ ನಿಮ್ಮ ಕನ್ನಡಿಯಲ್ಲಿ ಇರುತ್ತದೆ, ಅವನು ಹಿಂದೆ ಬಿದ್ದರೆ ಗುಂಪೇ ನಿಧಾನವಾಗುತ್ತದೆ. ಅವನನ್ನು ಐದನೆಯವನಾಗಿ ಹಾಕಿದರೆ ಮುಂದಿನ ನಾಲ್ವರ ತಪ್ಪುಗಳನ್ನೆಲ್ಲ ಅವನು ತುಂಬಿಕೊಡಬೇಕು. ಹೊರಟ ಕ್ರಮ ಬೀದರ್ ಮುಟ್ಟುವವರೆಗೆ ಬದಲಾಗಬಾರದು. ಫೋಟೊ, ರೀಲ್ಸ್ ಎಂದು ಗುಂಪಿನೊಳಗೆ ಒಬ್ಬರನ್ನೊಬ್ಬರು ಹಿಂದೆ ಹಾಕುವುದು ಪೂರ್ತಿ ಬಂದ್.

ಅಗಲ ರಸ್ತೆ, ನೇರ ದಾರಿ, ಮುಂದೆ ಚೆನ್ನಾಗಿ ಕಾಣುತ್ತಿದ್ದರೆ ಜಡೆ ಹೆಣೆದಂತೆ ಸಾಗಬಹುದು. ಇದಕ್ಕೆ ಸವಾರರು ಸ್ಟ್ಯಾಗರ್ಡ್ ಎನ್ನುತ್ತಾರೆ. ಲೀಡ್ ನಮ್ಮ ಲೇನಿನ ಬಲ ಚಕ್ರದ ಹಾದಿಯಲ್ಲಿ, ಎರಡನೆಯವನು 1 ಸೆಕೆಂಡ್ ಹಿಂದೆ ಎಡ ಚಕ್ರದ ಹಾದಿಯಲ್ಲಿ, ಮೂರನೆಯವನು ಮತ್ತೆ ಬಲಕ್ಕೆ. ಹೀಗೆ ನಿಮ್ಮ ನೇರ ಮುಂದಿರುವ ಗಾಡಿಗೂ ನಿಮಗೂ 2 ಸೆಕೆಂಡ್ ಉಳಿಯುತ್ತದೆ, ಸಾಲಿನ ಉದ್ದ ಅರ್ಧಕ್ಕೆ ಇಳಿಯುತ್ತದೆ. ಅಕ್ಕಪಕ್ಕ ಜೋಡಿಯಾಗಿ ಮಾತಾಡುತ್ತಾ ಹೋಗುವುದು ಬೇರೆ ಮಾತು, ಅದು ಎಂದಿಗೂ ಬೇಡ. ಒಬ್ಬ ಗುಂಡಿ ತಪ್ಪಿಸಲು ಹ್ಯಾಂಡಲ್ ತಿರುಗಿಸಿದರೆ ಇನ್ನೊಬ್ಬನಿಗೆ ಜಾಗ ಇರುವುದಿಲ್ಲ.

ಆದರೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನ ಬಸ್ಸು ಓವರ್‌ಟೇಕ್ ಮಾಡುತ್ತಾ ನಮ್ಮ ಲೇನಿಗೇ ಬರುವುದು ದಿನನಿತ್ಯದ ಮಾತು. ಅಂಥ ಕಡೆ ಬಲ ಹಾದಿಯಲ್ಲಿರುವವನೇ ಮೊದಲು ಸಿಗುವುದು. ಹಾಗಾಗಿ ಇಕ್ಕಟ್ಟಿನ ರಸ್ತೆ, ತಿರುವು, ಸೇತುವೆ, ಊರೊಳಗಿನ ಹಾದಿಯಲ್ಲಿ ಒಂದೇ ಸಾಲು. ಹುಮನಾಬಾದ್ ದಾರಿಯಲ್ಲಿ ಸ್ಟ್ಯಾಗರ್ಡ್‌ಗಿಂತ ಒಂಟಿ ಸಾಲಿನಲ್ಲೇ ಹೆಚ್ಚು ಹೊತ್ತು ಹೋಗುತ್ತೀರಿ ಎಂದು ಮನಸ್ಸು ಮಾಡಿಕೊಳ್ಳಿ.

2 ಸೆಕೆಂಡ್ ಅಳೆಯಲು ಮುಂದಿನ ಗಾಡಿ ಒಂದು ಕಿಲೋಮೀಟರ್ ಕಲ್ಲನ್ನೋ ಕರೆಂಟ್ ಕಂಬವನ್ನೋ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ. ಎಣಿಕೆ ಮುಗಿಯುವ ಮೊದಲೇ ನೀವು ಅಲ್ಲಿದ್ದರೆ ಹತ್ತಿರವಾದಿರಿ. ಹಿಂದೆ ಜನ ಕುಳಿತವರಿಗೆ 3 ಸೆಕೆಂಡ್. ಬ್ರೇಕಿನ ವ್ಯತ್ಯಾಸವೂ ಇದೆ: 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಏರ್ಪಾಡು) ಕಡ್ಡಾಯ, ಅದಕ್ಕೂ ಹಳೆಯ ಅಥವಾ ಸಣ್ಣ ಗಾಡಿಗಳಲ್ಲಿ ಡ್ರಮ್ ಬ್ರೇಕೇ ಹೆಚ್ಚು. ಮುಂದಿನ ಎಬಿಎಸ್ ಗಾಡಿ ಗಕ್ಕನೆ ನಿಂತಷ್ಟು ಬೇಗ ಹಿಂದಿನ ಡ್ರಮ್ ಬ್ರೇಕ್ ಗಾಡಿ ನಿಲ್ಲುವುದಿಲ್ಲ. 60ರಲ್ಲಿ ಒಣ ರಸ್ತೆಯ ಮೇಲೆ, ಬೆಚ್ಚಿ ಬ್ರೇಕ್ ಹಿಡಿಯುವ ಒಂದು ಸೆಕೆಂಡೂ ಸೇರಿ, ಚೆನ್ನಾಗಿ ಬ್ರೇಕ್ ಹಿಡಿದರೂ 40 ಮೀಟರ್ ಬೇಕು. 80ರಲ್ಲಿ 60 ಮೀಟರ್ ದಾಟುತ್ತದೆ. ವೇಗ ಮೂರನೇ ಒಂದರಷ್ಟು ಏರಿದರೆ ದೂರ ಒಂದೂವರೆಪಟ್ಟು.

ಇನ್ನು ಕನ್ನಡಿಯ ನಿಯಮ. ಮೊಬೈಲ್, ಬ್ಲೂಟೂತ್ ಯಾವುದೂ ಇಲ್ಲದೆ ಗುಂಪನ್ನು ಹಿಡಿದಿಡುವುದು ಇದೊಂದೇ: ಪ್ರತಿಯೊಬ್ಬನೂ ತನ್ನ ಹಿಂದಿನ ಗಾಡಿಗೆ ಜವಾಬ್ದಾರ. ಐದಾರು ಸೆಕೆಂಡಿಗೊಮ್ಮೆ ಕನ್ನಡಿ ನೋಡಿ. ಹಿಂದಿನ ಹೆಡ್‌ಲೈಟ್ ಕಾಣದಿದ್ದರೆ ವೇಗ ಇಳಿಸಿ. ನೀವು ಇಳಿಸಿದ್ದು ಕಂಡು ನಿಮ್ಮ ಮುಂದಿನವನೂ ಇಳಿಸುತ್ತಾನೆ. ಹೀಗೆ ಸುದ್ದಿ ಕೈಯಿಂದ ಕೈಗೆ ಸಾಗಿ ಅರ್ಧ ನಿಮಿಷದಲ್ಲಿ ಲೀಡ್ ತನಕ ಬರುತ್ತದೆ. ಎಲ್ಲರ ಹೆಡ್‌ಲೈಟ್ ಹಗಲಲ್ಲೂ ಲೋ ಬೀಮ್‌ನಲ್ಲಿ ಉರಿಯುತ್ತಿರಲಿ. ಹಳೇ ಗಾಡಿಯವರು ಸ್ವಿಚ್ ಹಾಕಲು ಮರೆಯುತ್ತಾರೆ.

ಹಂಪ್ ದಾಟಿದ ಮೇಲೆ ಆಗುವುದೇನು

ನಿಮ್ಮ ಸ್ಪ್ಲೆಂಡರ್ ಹುಡುಗ ಹೆಚ್ಚುಕಮ್ಮಿ ಹೀಗೇ ಹಿಂದೆ ಬಿದ್ದಿರಬೇಕು. ಊರ ಮುಂದೆ ಹಂಪ್ ಬರುತ್ತದೆ. ಲೀಡ್ ಇಳಿಸಿ, ದಾಟಿ, ಮತ್ತೆ 60ಕ್ಕೆ ಏರಿಸುತ್ತಾನೆ. ಆದರೆ ಹಂಪಿನ ಮೇಲೆ ಪ್ರತಿ ಗಾಡಿಯ ನಡುವಿನ 2 ಸೆಕೆಂಡ್ 4 ಸೆಕೆಂಡ್ ಆಗುತ್ತದೆ. 6 ಗಾಡಿಯಿದ್ದರೆ ಕೊನೆಯವನಿಗೆ 10 ಸೆಕೆಂಡ್ ಹೆಚ್ಚು ಅಂತರ ಬೀಳುತ್ತದೆ, ಅಂದರೆ 165 ಮೀಟರ್. ಅದನ್ನು ತುಂಬಲು ಅವನು ಅರ್ಧ ನಿಮಿಷ 80ರಲ್ಲಿ ಓಡಬೇಕು. 18 ಗಾಡಿಯ ಸಾಲಾದರೆ 100 ಸೆಕೆಂಡ್. ಅಷ್ಟರಲ್ಲಿ ಮುಂದಿನ ಊರು, ಮುಂದಿನ ಹಂಪ್. ಹೀಗೆ ಲೀಡ್ ದಿನವಿಡೀ 60ರಲ್ಲಿ ಆರಾಮಾಗಿ ಹೋದರೆ ಕೊನೆಯವನು ದಿನವಿಡೀ 15 ಮತ್ತು 80ರ ನಡುವೆ ಜೋಕಾಲಿ ಆಡುತ್ತಿರುತ್ತಾನೆ. ಸಂಜೆ ಇಬ್ಬರ ಮುಖ ನೋಡಿದರೆ ಯಾರು ಎಲ್ಲಿದ್ದರೆಂದು ಹೇಳಬಹುದು.

ಮದ್ದು ಸರಳ. ಹಂಪ್, ಟೋಲ್, ಗೇಟು, ತಿರುವು ಯಾವುದನ್ನು ದಾಟಿದರೂ ಲೀಡ್ 35–40ರಲ್ಲೇ ಸಾಗಬೇಕು. ಸ್ವೀಪ್‌ನ ಹೆಡ್‌ಲೈಟ್ ಅಡೆತಡೆಯ ಈಚೆಗೆ ಬಂದದ್ದು ಕಂಡ ಮೇಲೆ ಮೆಲ್ಲಗೆ ಏರಿಸಬೇಕು. ಬಣ್ಣ ಮಾಸಿದ ಹಂಪ್‌ಗಳು ಹಳ್ಳಿಗಳ ಮುಂದೆ ಬೇಕಾದಷ್ಟಿವೆ. ಕಂಡ ಕೂಡಲೇ ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದಂತೆ ತೋರಿಸಿ. ಬ್ರೇಕ್ ಲೈಟ್ ಒಂದನ್ನೇ ನಂಬಬೇಡಿ, 18ರಲ್ಲಿ ಒಂದೆರಡಾದರೂ ಉರಿಯುವುದಿಲ್ಲ.

ಹುಮನಾಬಾದಿನ ರಸ್ತೆಕೂಟ

ಕಲಬುರಗಿಯಿಂದ ಮಹಾಗಾಂವ ಕ್ರಾಸ್, ಕಮಲಾಪುರ ದಾಟಿ ರಾಷ್ಟ್ರೀಯ ಹೆದ್ದಾರಿ 50 ಹುಮನಾಬಾದಿಗೆ ಬರುತ್ತದೆ. ಅಲ್ಲಿ ಸೊಲ್ಲಾಪುರ–ಹೈದರಾಬಾದ್ ನಡುವಿನ ಹೆದ್ದಾರಿ 65 ಅಡ್ಡ ಹಾಯುತ್ತದೆ. ಬೀದರ್ ರಸ್ತೆ ಹಿಡಿಯಬೇಕಾದವನು ದೊಡ್ಡ ರಸ್ತೆಯ ಸೆಳೆತಕ್ಕೆ ಸಿಕ್ಕರೆ ಜಹೀರಾಬಾದಿನ ಬೋರ್ಡ್ ಕಾಣುವವರೆಗೂ ಅನುಮಾನ ಬರುವುದಿಲ್ಲ. ಇಂಥ ಕೂಟದಲ್ಲಿ ಎಲ್ಲರೂ ನಿಂತು ಕಾಯುವುದೂ ಅಪಾಯ, ಬಿಟ್ಟು ಹೋಗುವುದೂ ಅಪಾಯ. ಅದಕ್ಕೆ ಇರುವ ಪದ್ಧತಿ, ಒಬ್ಬನನ್ನು ಗುರುತಿನ ಕಂಬವಾಗಿ ಬಿಡುವುದು.

ಲೀಡ್ ತಿರುವು ತಲುಪಿದಾಗ ಎಡಗೈಯಿಂದ ಒಂದು ಜಾಗ ತೋರಿಸುತ್ತಾನೆ. ಅವನ ಬೆನ್ನಿಗಿರುವ ಗಾಡಿ ಅಲ್ಲಿ ನಿಲ್ಲುತ್ತದೆ. ಹೊಸಬ ಎರಡನೆಯವನಾಗಿದ್ದರೆ ಮೂರನೆಯವನು ನಿಲ್ಲುತ್ತಾನೆ ಎಂದು ಬೆಳಿಗ್ಗೆಯೇ ಹೇಳಿರಿ. ನಿಂತವನು ಇಂಡಿಕೇಟರ್ ಹಾಕಿ, ಹೋಗಬೇಕಾದ ದಿಕ್ಕಿಗೆ ಕೈ ತೋರಿಸುತ್ತಿರುತ್ತಾನೆ. ಸ್ವೀಪ್ ಬಂದು ತಲೆಯಾಡಿಸಿದ ಮೇಲೆ ಸ್ವೀಪ್‌ಗಿಂತ ಮುಂದೆ ಸೇರಿಕೊಳ್ಳುತ್ತಾನೆ, ಹೊರಟ ಕ್ರಮ ಬದಲಾಗುವುದು ಹೀಗೆ ಮಾತ್ರ. ಸ್ವೀಪ್ ಬರುವವರೆಗೆ ಹತ್ತು ನಿಮಿಷವಾದರೂ, ಫೋನ್ ಬಂದರೂ, ಚಹಾ ಕಂಡರೂ ಅಲುಗಬಾರದು. ಇದು ಮುರಿದರೆ ಪದ್ಧತಿಯೇ ಮುರಿಯಿತು. ನಿಲ್ಲುವ ಜಾಗ ಕೂಟದ ಬಾಯಲ್ಲಿರಬಾರದು. ತಿರುಗಿದ ಮೇಲೆ 20–30 ಮೀಟರ್ ಮುಂದೆ, ಡಾಂಬರಿನ ಹೊರಗೆ, ಬರುವವರಿಗೆ ಕಾಣುವಂತೆ ಇರಲಿ. ಮಾರ್ಷಲ್ ಎಂದು ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿ ಬೇರೆ ವಾಹನ ತಡೆಯುವುದು ನಿಮ್ಮ ಕೆಲಸವಲ್ಲ, ಪೊಲೀಸರದು. ಲಾರಿಗೆ ನಿಮ್ಮ ಕೈ ಕಾಣದೆಯೂ ಹೋಗಬಹುದು.

ಸಿಗ್ನಲ್‌ನಲ್ಲಿ ಗುಂಪು ಒಡೆದರೆ ಒಡೆಯಲಿ. ಕೆಂಪು ದೀಪ ಹಾರಿ ಕೂಡಿಕೊಳ್ಳುವವನನ್ನು ಮುಂದಿನ ಸವಾರಿಗೆ ಕರೆಯಬೇಡಿ. ಮುಂದೆ ಹೋದವರು ಊರ ಹೊರಗೆ, ಮೊದಲೇ ಹೇಳಿಟ್ಟ ಪೆಟ್ರೋಲ್ ಪಂಪ್ ಬಳಿ ನಿಂತಿರುತ್ತಾರೆ.

ಕಬ್ಬಿನ ಟ್ರಾಲಿ, ತೊಗರಿ ರಾಶಿ, ಎರೆಮಣ್ಣು

ಡಿಸೆಂಬರ್ ಕೊನೆ ಎಂದರೆ ಈ ಭಾಗದಲ್ಲಿ ಕಬ್ಬು ಕಡಿಯುವ, ತೊಗರಿ ರಾಶಿ ಮಾಡುವ ಕಾಲ. ರಸ್ತೆಯ ಅಪಾಯಗಳೂ ಈ ಋತುವಿನವೇ.

ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಗಂಟೆಗೆ 20ರ ಆಸುಪಾಸಿನಲ್ಲಿ ಸಾಗುತ್ತದೆ. ಕಬ್ಬು ಎರಡೂ ಬದಿಗೆ ಚಾಚಿರುತ್ತದೆ, ಹಿಂದೆ ದೀಪ, ರಿಫ್ಲೆಕ್ಟರ್ ಇದ್ದರೂ ಗರಿಯೊಳಗೆ ಮುಚ್ಚಿರುತ್ತದೆ. ಅದರ ಮೇಲೆ ಜೋರಾಗಿ ಹಾಡು ಹಚ್ಚಿದ್ದರೆ ನಿಮ್ಮ ಹಾರ್ನ್ ಡ್ರೈವರ್‌ಗೆ ಕೇಳುವ ಮಾತೇ ಇಲ್ಲ. ದಾಟುವ ಮೊದಲು ಮೂರು ನೋಡಿ: ಎದುರು ಖಾಲಿಯೇ, ಬಲಗಡೆ ಹೊಲದ ದಾರಿ ಅಥವಾ ಕ್ರಾಸ್ ಇದೆಯೇ, ಟ್ರ್ಯಾಕ್ಟರಿನ ಮುಂದಿನ ಚಕ್ರ ಬಲಕ್ಕೆ ವಾಲುತ್ತಿದೆಯೇ. ಬಲಕ್ಕೆ ಹೊಲದ ದಾರಿ ಇದ್ದರೆ ಅಲ್ಲಿ ಓವರ್‌ಟೇಕ್ ಇಲ್ಲ. ಇಂಡಿಕೇಟರ್ ಇಲ್ಲದೆ ಬಲಕ್ಕೆ ತಿರುಗುವ ಟ್ರ್ಯಾಕ್ಟರಿನ ಹೊಟ್ಟೆಗೆ ಬೈಕ್ ನುಗ್ಗುವುದು ಹೀಗೇ.

ಓವರ್‌ಟೇಕ್ ಒಬ್ಬೊಬ್ಬರಾಗಿ. ಲೀಡ್ ದಾಟಿದ ಮೇಲೆ ಕೈ ಬೀಸಿ "ಬಾ ಬಾ" ಎನ್ನಬಾರದು. ನಿಮಗೆ ಖಾಲಿ ಇದ್ದ ರಸ್ತೆ ಮೂರು ಸೆಕೆಂಡ್ ನಂತರ ಹಿಂದಿನವನಿಗೆ ಖಾಲಿ ಇರಬೇಕೆಂದಿಲ್ಲ, ನಿಮ್ಮ ಕೈ ನಂಬಿ ಅವನು ತನ್ನ ಕಣ್ಣು ಬಿಡುತ್ತಾನೆ. ಪ್ರತಿಯೊಬ್ಬ ತಾನೇ ನೋಡಿ, ತಾನೇ ನಿರ್ಧರಿಸಬೇಕು. ಆದರೆ ದಾಟಿದವನು ಒಂದು ಕೆಲಸ ಮಾಡಲೇಬೇಕು: ದಾಟಿದ ಕೂಡಲೇ ಎಡಕ್ಕೆ ಬಂದು ವೇಗ ಇಳಿಸಬಾರದು. ಟ್ರ್ಯಾಕ್ಟರಿನ ಮುಂದೆ ಎರಡು ಗಾಡಿಗಾದರೂ ಜಾಗವಾಗುವಷ್ಟು ಮುಂದೆ ಸಾಗಬೇಕು. ಇಲ್ಲದಿದ್ದರೆ ಹಿಂದೆ ಬಂದವನು ಎದುರಿನ ಲೇನಿನಲ್ಲೇ ಸಿಕ್ಕಿಬೀಳುತ್ತಾನೆ. ಎಲ್ಲರೂ ದಾಟುವವರೆಗೆ ಮುಂದಿನವರು 40–45ರಲ್ಲಿ ಸಾಗುತ್ತಿರಲಿ. ಇದೊಂದು ಭರವಸೆ ಇದ್ದಿದ್ದರೆ ನಿಮ್ಮ ಹುಡುಗನಿಗೆ ಅವಸರವೇ ಇರುತ್ತಿರಲಿಲ್ಲ.

ರಸ್ತೆ ಮೇಲೆ ಬಿದ್ದ ಕಬ್ಬು ಲಾರಿ ಚಕ್ರಕ್ಕೆ ಸಿಕ್ಕಿ ನುಜ್ಜಾದರೆ ಸೋಪಿನಂತೆ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ವಾಲಬೇಡಿ, ನೆಟ್ಟಗೆ ದಾಟಿ. ಒಳರಸ್ತೆಗಳಲ್ಲಿ ತೊಗರಿ, ಜೋಳ ಡಾಂಬರಿನ ಮೇಲೇ ಹರಡಿರುತ್ತಾರೆ. ಕಾಳಿಗಿಂತ ಹೆದರಬೇಕಾದದ್ದು ಅದರ ಅಂಚಿಗಿಟ್ಟ ಕಲ್ಲುಗಳಿಗೆ. ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತವೆ. ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಏರುವ ಕಡೆ ಎರೆಮಣ್ಣಿನ ಹೆಂಟೆ ಬಿದ್ದಿರುತ್ತದೆ. ಒಣಗಿದ್ದರೆ ಕುಲುಕಾಟ ಅಷ್ಟೇ. ಇಬ್ಬನಿಗೋ ಅಕಾಲ ಮಳೆಗೋ ತೊಯ್ದರೆ ಟೈರಿನ ಗೀರುಗಳಲ್ಲಿ ತುಂಬಿ ಟೈರ್ ಬೋಳಾದಂತೆಯೇ ಆಗುತ್ತದೆ. ನಿಲ್ಲಿಸುವಾಗಲೂ ಇದೇ ಮಣ್ಣು ಕಾಡುತ್ತದೆ: ಸೈಡ್ ಸ್ಟ್ಯಾಂಡ್ ಹೂತು ಬುಲೆಟ್ ಮಗುಚುತ್ತದೆ. ಸ್ಟ್ಯಾಂಡಿನ ಕೆಳಗೆ ಒಂದು ಫರ್ಸಿ ಚೂರು ಇಡಿ, ನಮ್ಮ ಕಡೆ ಅದಕ್ಕೇನು ಬರವಿಲ್ಲ.

ಮುಂಜಾನೆ ಮಂಜು ಕವಿದಿದ್ದರೆ ಎರಡನೆಯ ಕರೆಂಟ್ ಕಂಬ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಹೊರಡಬೇಡಿ. ಹೊರಟ ಮೇಲೆ ಕವಿದರೆ ಪಂಪ್ ಅಥವಾ ಧಾಬಾದೊಳಗೆ ಹೋಗಿ ನಿಲ್ಲಿ, ರಸ್ತೆ ಬದಿಯಲ್ಲಿ ಅಲ್ಲ.

ಹಿಂದಿನ ದಿನ ಮತ್ತು ಹೊರಡುವ ಮುನ್ನ

ಪೆಟ್ರೋಲ್ ಶನಿವಾರ ರಾತ್ರಿಯೇ ಫುಲ್ ಮಾಡಿಸಲು ಹೇಳಿ. 18 ಗಾಡಿ ಬೆಳಿಗ್ಗೆ ಒಂದೇ ಪಂಪಿಗೆ ನುಗ್ಗಿದರೆ ಗಾಡಿಗೆ 2 ನಿಮಿಷವೆಂದರೂ 36 ನಿಮಿಷ ಹೋಯಿತು. ಹೋಗಿಬರುವ ದಾರಿ 220ರಿಂದ 230 ಕಿ.ಮೀ. ಆಗುತ್ತದೆ. ಸ್ಕೂಟರಿನ ಟ್ಯಾಂಕ್ ಸುಮಾರು 5 ಲೀಟರ್, ಅದು ಅಂಚಿಗೆ ಬರುತ್ತದೆ. ಆದ್ದರಿಂದ ವಾಪಸ್ ಬರುವಾಗ ಹುಮನಾಬಾದಿನಲ್ಲಿ ಸ್ಕೂಟರ್‌ಗಳಿಗೆ ಮಾತ್ರ ಹಾಕಿಸಿ.

ಟೈರಿನ ಗಾಳಿ ತಣ್ಣಗಿದ್ದಾಗ ನೋಡಬೇಕು. ಎಷ್ಟಿರಬೇಕೆಂಬುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿದೆ. ಹಿಂದೆ ಜನ ಕೂಡುವುದಾದರೆ ಹಿಂದಿನ ಟೈರಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ಯಾರೂ ನೋಡುವುದಿಲ್ಲ. ಚೈನ್ ಸಡಿಲ ಹೆಚ್ಚಿನ ಗಾಡಿಗಳಿಗೆ 20ರಿಂದ 30 ಮಿ.ಮೀ. ಒಬ್ಬರೇ ಕುಳಿತಾಗ ಬಿಗಿಯಾಗಿ ಕಂಡ ಚೈನ್ ಇಬ್ಬರು ಕೂತಾಗ ಇನ್ನೂ ಬಿಗಿಯುತ್ತದೆ. ಟೈರಿನ ಗೀರಿನೊಳಗಿನ ಸವೆತದ ಗುಬ್ಬಿ ಮೇಲ್ಮೈಗೆ ಸಮವಾಗಿದ್ದರೆ ಆ ಗಾಡಿ ಬರುವುದು ಬೇಡ. ಎರಡೂ ಬ್ರೇಕಿಗೆ ಹಿಂದಿನ ದೀಪ ಹತ್ತುತ್ತದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಳ್ಳಿ.

ಸಾಮಾನು ಎಲ್ಲರೂ ಹೊರಬೇಕಿಲ್ಲ, ಪ್ರತಿ ಸ್ವೀಪ್ ಬಳಿ ಇದ್ದರೆ ಸಾಕು: ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಕಾಲಿನಿಂದ ಒತ್ತುವ ಪಂಪ್, ಗುಂಪಿನಲ್ಲಿರುವ ಸ್ಪೋಕ್ ಚಕ್ರಗಳ ಅಳತೆಯ ಟ್ಯೂಬ್, ಟೈರ್ ಬಿಚ್ಚುವ ಪಟ್ಟಿ, ಕ್ಲಚ್ ಕೇಬಲ್, ಚೈನ್ ಲಾಕ್, ಪ್ಲಗ್ ಮತ್ತು ಅದರ ಪಾನಾ, ಫ್ಯೂಸ್, ಪಕ್ಕಡ, ಟೇಪು. ರಸ್ತೆ ಬದಿ ಜಾಲಿ ಮುಳ್ಳಿನ ನಾಡು ಇದು, ಗಾಡಿ ಅಂಚಿಗೆ ಇಳಿಸಿದರೆ ಪಂಕ್ಚರ್ ಖಚಿತ ಎಂದೇ ತಿಳಿಯಿರಿ. ಪ್ರಥಮ ಚಿಕಿತ್ಸೆಗೆ ಗಾಜ್ ಬಟ್ಟೆ, ಅಗಲ ಕ್ರೇಪ್ ಬ್ಯಾಂಡೇಜ್, ಕತ್ತರಿ, ಗ್ಲೌಸ್, ಓಆರ್‌ಎಸ್ ಪುಡಿ.

ಬೆಳಿಗ್ಗೆ 6:15ಕ್ಕೆ ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆ ಬಳಿ ಸೇರಿ, 10 ನಿಮಿಷ ಮಾತಾಡಿ, ಬೆಳಕು ಹರಿದ ಮೇಲೆ 6:50ಕ್ಕೆ ಮೊದಲ ಗುಂಪು ಹೊರಡಲಿ. ಆ 10 ನಿಮಿಷದಲ್ಲಿ ಹೇಳಬೇಕಾದದ್ದು ನಿಮ್ಮ ಸಾಲು ಯಾವುದು, ಎಲ್ಲಿ ನಿಲ್ಲುತ್ತೇವೆ, ಕನ್ನಡಿಯ ನಿಯಮ, ಗುರುತಿನ ಗಾಡಿ, ಓವರ್‌ಟೇಕ್. ಕೈಸನ್ನೆ ಐದು ಸಾಕು, ಬಲಗೈ ಆಕ್ಸಿಲರೇಟರ್ ಮೇಲಿರುವುದರಿಂದ ಎಲ್ಲವೂ ಎಡಗೈಯಲ್ಲಿ: ಒಂದು ಬೆರಳು ಮೇಲೆ ಎತ್ತಿದರೆ ಒಂಟಿ ಸಾಲು, ಎರಡು ಬೆರಳಾದರೆ ಸ್ಟ್ಯಾಗರ್ಡ್, ಅಂಗೈ ಕೆಳಗೆ ಒತ್ತಿದರೆ ನಿಧಾನ, ಕೆಳಗೆ ಬೆರಳು ತೋರಿದರೆ ಗುಂಡಿ ಅಥವಾ ಕಲ್ಲು, ಟ್ಯಾಂಕ್ ತಟ್ಟಿದರೆ ಪೆಟ್ರೋಲ್. ಗುಂಡಿ ಬಲಗಡೆ ಇದ್ದರೆ ಬಲಗಾಲು ಚಾಚಿ. ಇಪ್ಪತ್ತು ಸನ್ನೆ ಕಲಿಸಿದರೆ ಒಂದೂ ನೆನಪಿರುವುದಿಲ್ಲ.

ಪ್ರತಿಯೊಬ್ಬನ ಎಡಕಿಸೆಯಲ್ಲಿ ಒಂದು ಚೀಟಿ ಇರಲಿ: ಹೆಸರು, ರಕ್ತದ ಗುಂಪು, ಮನೆಯವರ ನಂಬರ್, ಸಕ್ಕರೆ–ಬಿಪಿ ಗುಳಿಗೆ ನುಂಗುತ್ತಿದ್ದರೆ ಅದು. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಹೆಲ್ಮೆಟ್ ಓಡಿಸುವವರಿಗೂ ಹಿಂದೆ ಕೂಡುವವರಿಗೂ ಬೇಕು, ಅದರ ಮೇಲೆ ಐಎಸ್ 4151 ಗುರುತಿರಬೇಕು, ಪಟ್ಟಿ ಗಲ್ಲದ ಕೆಳಗೆ ಬಿಗಿದಿರಬೇಕು. ಹೆಲ್ಮೆಟ್ ತರದವನು, ರಾತ್ರಿ ಕುಡಿದು ಕಣ್ಣು ಕೆಂಪಾದವನು, ನಿದ್ದೆಗೆಟ್ಟವನು ಅಲ್ಲಿಂದಲೇ ಮನೆಗೆ. ಲೀಡ್ ಮಾಡುವವನ ಅತಿ ಕಷ್ಟದ ಕೆಲಸ ಇದೇ, ದಾಕ್ಷಿಣ್ಯ ಇಲ್ಲಿ ನಡೆಯುವುದಿಲ್ಲ. ಬಾವುಟ, ಬ್ಯಾನರ್, ಮೈಕು ಇಟ್ಟುಕೊಂಡು ಹೊರಟರೆ ಅದು ಸವಾರಿಯಲ್ಲ, ರ‍್ಯಾಲಿ. ಅದಕ್ಕೆ ಪೊಲೀಸರ ಅನುಮತಿ ಬೇರೆ ಬೇಕು.

ಮೊದಲ ನಿಲುಗಡೆ ಕಮಲಾಪುರ. 35 ಕಿ.ಮೀ. ಎಂದರೆ ಬೇಗ ಎನಿಸಬಹುದು, ಆದರೆ ಸಡಿಲವಾದ ಬ್ಯಾಗು, ಒತ್ತುವ ಹೆಲ್ಮೆಟ್, ಅಲುಗುವ ಕನ್ನಡಿ ಎಲ್ಲ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುವುದು. ಅಲ್ಲಿಯ ಕೆಂಪು ಬಾಳೆಹಣ್ಣು ಹೆಸರಾದದ್ದು, ಹೊಟ್ಟೆ ತುಂಬ ಸುಸಲಾ–ಮಿರ್ಚಿ ತಿಂದು ತೂಕಡಿಸುವುದಕ್ಕಿಂತ ಎರಡು ಹಣ್ಣು ಲೇಸು. ಎರಡನೆಯದು ಹುಮನಾಬಾದ್ ದಾಟಿ ಬೀದರ್ ಕಡೆಯ ರಸ್ತೆಯಲ್ಲಿ, ಕೂಟ ದಾಟಿದ ಮೇಲೆ. ಅಲ್ಲಿಂದ ಹಳ್ಳಿಖೇಡ ಮೇಲೆ ಬೀದರ್ ಸುಮಾರು 50 ಕಿ.ಮೀ. ಬೀದರ್ ಊರೊಳಗೆ ಚೌಬಾರಾ ಸುತ್ತ ಸಾಲು ಕಟ್ಟಿ ಹೋಗುವ ಆಸೆ ಬಿಡಿ. ಸಾಲು ಒಡೆದು, ಒಬ್ಬೊಬ್ಬರಾಗಿ ಕೋಟೆ ಬಾಗಿಲಲ್ಲಿ ಸೇರಿ.

ಗಾಡಿ ಕೆಟ್ಟರೆ, ಯಾರಾದರೂ ಬಿದ್ದರೆ

ಗಾಡಿ ಕೆಟ್ಟರೆ ನಿಲ್ಲುವವರು ಸ್ವೀಪ್ ಮತ್ತು ಇನ್ನೊಬ್ಬ, ಅಷ್ಟೇ. ಉಳಿದವರು ಮುಂದಿನ ನಿಲುಗಡೆಗೆ ಸಾಗಬೇಕು. ಒಂದು ಪಂಕ್ಚರಿಗೆ ಆರು ಗಾಡಿ ಹೆದ್ದಾರಿ ಬದಿ ನಿಂತು ಹನ್ನೆರಡು ಜನ ಸಲಹೆ ಕೊಡುವುದರಿಂದ ಪಂಕ್ಚರ್ ಬೇಗ ಆಗುವುದಿಲ್ಲ.

ಬಿದ್ದರೆ ಮೊದಲ ಕೆಲಸ ಬಿದ್ದವನ ಹತ್ತಿರ ಓಡುವುದಲ್ಲ, ಹಿಂದಿನಿಂದ ಬರುವ ಲಾರಿಯನ್ನು ಎಚ್ಚರಿಸುವುದು. ಒಬ್ಬ 50 ಮೀಟರಿಗೂ ಹಿಂದೆ ಹೋಗಿ, ರಸ್ತೆಯ ಅಂಚಿನಲ್ಲಿ ನಿಂತು, ದಸ್ತಿ ಅಥವಾ ಟವೆಲ್ ಬೀಸಲಿ. ಇನ್ನೊಬ್ಬ 112 ಅಥವಾ 108ಕ್ಕೆ ಕರೆ ಮಾಡಲಿ. ಜಾಗ ಹೇಳುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಮತ್ತು ಯಾವ ಕಡೆಗೆ ಹೋಗುತ್ತಿದ್ದಿರಿ ಎಂಬುದು ಹೇಳಿ, "ಧಾಬಾ ಹತ್ತಿರ" ಎಂದರೆ ಯಾವ ಧಾಬಾ? ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಬಿದ್ದವನನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು, ಹೆಲ್ಮೆಟ್ ಎಳೆದು ತೆಗೆಯುವುದು ನಮ್ಮ ಜನ ಪ್ರೀತಿಯಿಂದಲೇ ಮಾಡುವ ಮೂರು ತಪ್ಪು. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲುಗಿಸಿದ್ದೇ ದೊಡ್ಡ ಗಾಯವಾಗುತ್ತದೆ. ಉಸಿರಾಡುತ್ತಿದ್ದರೆ ಗಾಜು ಮಾತ್ರ ಮೇಲೆತ್ತಿ ಹೆಲ್ಮೆಟ್ ಹಾಗೇ ಬಿಡಿ. ಉಸಿರಿಗೆ ತೊಂದರೆ ಅಥವಾ ವಾಂತಿ ಇದ್ದರೆ ಮಾತ್ರ ಇಬ್ಬರು ಸೇರಿ ತೆಗೆಯಬೇಕು: ಒಬ್ಬ ಕೆಳಗಿನಿಂದ ಕುತ್ತಿಗೆ, ದವಡೆ ಹಿಡಿದು ನೆಟ್ಟಗಿಡಬೇಕು, ಇನ್ನೊಬ್ಬ ಪಟ್ಟಿ ಬಿಚ್ಚಿ ಮೆಲ್ಲಗೆ ಸರಿಸಬೇಕು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯಿರಿ. ಬಟ್ಟೆ ತೊಯ್ದರೆ ತೆಗೆಯಬೇಡಿ, ಮೇಲೆ ಇನ್ನೊಂದಿಡಿ. ಸೈಲೆನ್ಸರ್ ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ತಣ್ಣೀರು ಹಾಯಿಸಿ. ದೊಡ್ಡ ಸರಕಾರಿ ಆಸ್ಪತ್ರೆ ಈ ದಾರಿಯ ಎರಡೂ ತುದಿಯಲ್ಲಿದೆ, ಬೀದರಿನಲ್ಲಿ ಬ್ರಿಮ್ಸ್, ಕಲಬುರಗಿಯಲ್ಲಿ ಜಿಮ್ಸ್. ಬೇರೆಯವರ ಅಪಘಾತ ಕಂಡರೂ ಪೊಲೀಸ್ ತಂಟೆ ಎಂದು ಹಿಂಜರಿಯಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ವಾಪಸ್ ಬರುವಾಗ

ಬಹಳಷ್ಟು ಜನ ಹೋಗುವ ದಾರಿಗೆ ಯೋಜನೆ ಹಾಕುತ್ತಾರೆ, ಬರುವ ದಾರಿಯನ್ನು ದೇವರಿಗೆ ಬಿಡುತ್ತಾರೆ. ಬೀದರಿನಿಂದ ಹುಮನಾಬಾದ್, ಅಲ್ಲಿಂದ ಕಲಬುರಗಿ, ಎರಡೂ ತುಂಡು ನೈಋತ್ಯ ದಿಕ್ಕಿಗೇ ವಾಲಿವೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದೂ ಅದೇ ಕಡೆ. 4 ಗಂಟೆಯ ನಂತರ ಬಿಸಿಲು ನೇರ ಕಣ್ಣಿಗೆ. ಗೀರು ಬಿದ್ದ ಹೆಲ್ಮೆಟ್ ಗಾಜಿನಲ್ಲಿ ಮುಂದಿನ ಟ್ರಾಲಿ ಕಾಣುವುದೇ ಇಲ್ಲ, ನಿಮ್ಮ ಹಿಂದಿರುವ ಕಾರಿನವನ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ. ಆದ್ದರಿಂದ ಮಧ್ಯಾಹ್ನ 2ಕ್ಕೆ ಬೀದರ್ ಬಿಡಿ. ನಿಲುಗಡೆ ಸೇರಿ ಮೂರೂಕಾಲು ಗಂಟೆ ಹಿಡಿದರೂ 5:15ಕ್ಕೆ ಕಲಬುರಗಿ, ಆಗ ಇನ್ನೂ ಅರ್ಧ ಗಂಟೆ ಬೆಳಕಿರುತ್ತದೆ. ಹೊರಡುವ ಮೊದಲು ಎಲ್ಲರ ಹೆಲ್ಮೆಟ್ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿಸಿ. ಬೆಳಗಿನ ಅಂತರ 2 ಸೆಕೆಂಡ್ ಇದ್ದದ್ದು ಈಗ 3 ಇರಲಿ, ದಣಿದ ಕೈ ಬ್ರೇಕ್ ಹಿಡಿಯುವುದು ತಡ.

ಯಾವುದೋ ಕಾರಣಕ್ಕೆ ತಡವಾಗಿ, ಹುಮನಾಬಾದ್ ತಲುಪುವಾಗಲೇ 5 ಆಗಿದ್ದರೆ ಮುಂದಿನ 60 ಕಿ.ಮೀ.ಯ ಕೊನೆಯ ಭಾಗ ಕತ್ತಲಲ್ಲಿ ಕಬ್ಬಿನ ಟ್ರಾಲಿಗಳ ಜೊತೆ ಹೋಗಬೇಕು. ಅಂಥ ಹೊತ್ತಿನಲ್ಲಿ ವೇಗ 40 ದಾಟಬಾರದು, ಒಂಟಿ ಸಾಲು, ಓವರ್‌ಟೇಕ್ ಬಹುಮಟ್ಟಿಗೆ ಬಂದ್. ಹಿಂದೆ ಕೂತವರಲ್ಲಿ ಯಾರಾದರೂ ಬಸ್ಸಿಗೆ ಬರುತ್ತೇನೆ ಎಂದರೆ ಬೇಡ ಎನ್ನಬೇಡಿ. ಬೆಳಿಗ್ಗೆ ಸೇರಿದ ರಿಂಗ್ ರಸ್ತೆಯ ಬಳಿಯೇ ಮೂರೂ ಸ್ವೀಪ್ ಬಂದು 6, 6, 6 ಎಂದು ಎಣಿಸಿ ಒಪ್ಪಿಸುವವರೆಗೆ ನೀವು ಅಲ್ಲೇ ನಿಂತಿರಿ, ದಾರಿಯಲ್ಲೇ ಮನೆ ಬಂತೆಂದು ಮಹಾಗಾಂವದಲ್ಲಿ ಇಳಿದುಹೋದವನು ಸ್ವೀಪ್‌ಗೆ ಹೇಳಿಯೇ ಹೋಗಿರಬೇಕು.